ಹಳೇ ಮರದ ಕಿಟಕಿಯ ಹೊರಗಿನ ಸಿಲ್‌ಗೆ ತಗಡು ಹೊದಿಸೋದಾ, ಪಿವಿಸಿ ಹಾಕ್ಸೋದಾ? ಮೈಸೂರು ಕಡೆ ಮಾಡ್ಸಿದವರು ದಯವಿಟ್ಟು ಹೇಳಿ

ಸರಸ್ವತಿಪುರಂ_ಮನೆ:

ಎಲ್ರಿಗೂ ನಮಸ್ಕಾರ. ನಮ್ಮದು ಸರಸ್ವತಿಪುರಂನಲ್ಲಿ ಅಪ್ಪ ಕಟ್ಟಿಸಿದ ಮನೆ, 1979ರದ್ದು. ಕಿಟಕಿ ಎಲ್ಲಾ ಮತ್ತಿ ಮರದ ಫ್ರೇಮು, ಒಳಗಡೆ ಕಬ್ಬಿಣದ ಸರಳು, ಬಾಗಿಲು ಹೊರಗಡೆಗೆ ತೆಗೆಯೋದು, ಆ ಕಾಲದ ಮನೆಗಳಲ್ಲಿ ಇರುತ್ತಲ್ಲ ಹಾಗೇನೆ. ಫ್ರೇಮು ಗೋಡೆಯ ಹೊರಮುಖದಿಂದ ನಾಲ್ಕು ಇಂಚು ಒಳಗಿದೆ, ಆ ನಾಲ್ಕು ಇಂಚು ಜಾಗ, ಅಂದ್ರೆ ಹೊರಗಿನ ಸಿಲ್, ಬರೀ ಸಿಮೆಂಟ್ ಪ್ಲಾಸ್ಟರ್ ಕಟ್ಟೆ, ವಾಟ ಕೊಟ್ಟಿದಾರೆ ಅಂತ ಅನ್ಸಲ್ಲ, ಕೆಲವು ಕಡೆ ನೀರು ಫ್ರೇಮ್ ಕಡೆಗೇ ಬಂದು ನಿಲ್ಲುತ್ತೆ.

ತೊಂದರೆ ಇರೋದು ಪಶ್ಚಿಮಕ್ಕಿರೋ ನಾಲ್ಕು ಕಿಟಕಿದು. ಅಲ್ಲಿ ಸಜ್ಜಾ ಒಂದೂವರೆ ಅಡಿನೂ ಇಲ್ಲ. ಮಧ್ಯಾಹ್ನದ ಮೇಲೆ ಪೂರ್ತಿ ಬಿಸಿಲು, ಮಳೆ ಗಾಳಿ ಸಮೇತ ಬಂದ್ರೆ ಅಲ್ಲಿಗೇ ಹೊಡಿಯುತ್ತೆ. ಫ್ರೇಮಿನ ಕೆಳಗಿನ ಪಟ್ಟಿಯಲ್ಲಿ ಉದ್ದುದ್ದ ಬಿರುಕು ಬಿಟ್ಟಿದೆ, ಪೇಂಟು ಹಪ್ಪಳ ಎದ್ದಿದೆ, ಒಳಗಡೆ ಕಿಟಕಿ ಕೆಳಗಿನ ಗೋಡೆ ಉಬ್ಬಿ ಪುಡಿ ಉದುರ್ತಾ ಇದೆ. ಅಮ್ಮ ಆ ರೂಮಲ್ಲೇ ಮಲಗೋದು, ಗೋಡೆ ವಾಸನೆಗೆ ಅವರಿಗೆ ಕೆಮ್ಮು ಜಾಸ್ತಿ ಆಗುತ್ತೆ, ಅದಕ್ಕೇ ಈ ಬೇಸಿಗೆ ಒಳಗೆ ಮುಗಿಸಲೇಬೇಕು ಅಂತಿದೀನಿ.

ಪೇಂಟರ್ ಕೇಳಿದ್ರೆ ಪುಟ್ಟಿ ತುಂಬಿ ಎನಾಮೆಲ್ ಹೊಡ್ದ್ರೆ ಆಯ್ತು ಅಂತಾರೆ, ಕಿಟಕಿ ಅಂಗಡಿಯವರು ಎಲ್ಲಾ ಕಿತ್ತಾಕಿ ಯುಪಿವಿಸಿ (ಗಟ್ಟಿ ಪಿವಿಸಿ) ಕಿಟಕಿ ಹಾಕ್ಸಿ ಅಂತಾರೆ. ಕೀಳೋದು ನನಗೆ ಇಷ್ಟ ಇಲ್ಲ, ಸರಳು ಫ್ರೇಮೊಳಗೇ ಕೂತಿರೋದ್ರಿಂದ ಗೋಡೆ ಎಲ್ಲಾ ಒಡೀಬೇಕಾಗುತ್ತೆ, ಮರನೂ ಮಿಕ್ಕಿದ್ದೆಲ್ಲಾ ಗಟ್ಟಿಯಾಗಿದೆ. ಅಮೆರಿಕದಲ್ಲಿ ಮರದ ಸಿಲ್ ಮೇಲೆ ತೆಳು ಅಲ್ಯೂಮಿನಿಯಂ ಶೀಟ್ ಬಗ್ಗಿಸಿ ಟೋಪಿ ಥರ ಹಾಕಿಬಿಡ್ತಾರೆ, ವಿನೈಲ್, ಅಂದ್ರೆ ಪಿವಿಸಿದೂ ಹಾಕ್ತಾರೆ ಅಂತ ವೀಡಿಯೋದಲ್ಲಿ ನೋಡ್ದೆ. ಅದನ್ನ ಇಲ್ಲಿ ಮಾಡ್ಸಬಹುದಾ? ಅಲ್ಯೂಮಿನಿಯಮ್ಮಾ, ಜಿಐ (ಸತು ಲೇಪದ ಕಬ್ಬಿಣ) ಶೀಟಾ, ಕಲರ್ ಕೋಟೆಡ್ ಶೀಟಾ, ಪಿವಿಸಿನಾ? ಎಷ್ಟು ದಪ್ಪ ಇರ್ಬೇಕು? ಮುಚ್ಚಿಬಿಟ್ರೆ ಒಳಗಡೆ ಮರ ಕೊಳೆಯಲ್ವಾ?

ಕುವೆಂಪುನಗರ_ಸಿವಿಲ್:

ನಿಮ್ಮ ಕೊನೇ ಪ್ರಶ್ನೆನೇ ಮೊದಲು ಕೇಳ್ಬೇಕಾದ ಪ್ರಶ್ನೆ. ತಗಡು ಹೊದಿಸೋದು ರಿಪೇರಿ ಅಲ್ಲ, ಅದು ರಿಪೇರಿ ಆದ ಮೇಲೆ ಮಾಡೋ ಕೆಲಸ. ಒದ್ದೆ ಮರದ ಮೇಲೆ ತಗಡು ಮುಚ್ಚಿ ಸುತ್ತ ಸಿಲಿಕಾನ್ ಹೊಡೆದ್ರೆ ಆ ತೇವ ಹೊರಗೆ ಹೋಗೋಕೆ ದಾರಿನೇ ಇರಲ್ಲ, ಮರದಲ್ಲಿ ತೇವ 20 ಪರ್ಸೆಂಟ್ ದಾಟಿ ಹಾಗೇ ಉಳೀತು ಅಂದ್ರೆ ಕೊಳೆಸೋ ಶಿಲೀಂಧ್ರ ಶುರು ಆಗುತ್ತೆ, ಮೇಲಿಂದ ನೋಡೋರಿಗೆ ಥಳಥಳ ಹೊಳೀತಾ ಇರುತ್ತೆ, ಒಳಗೆ ಬೂಸು. ಗೆದ್ದಲಿಗೂ ಅಷ್ಟೇ, ಕತ್ತಲೆ ತೇವ ಎರಡೂ ಒಂದೇ ಕಡೆ ಸಿಕ್ಕಿದ ಹಾಗೆ.

ಅದಕ್ಕೆ ಮೊದಲು ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಕೆಳಗಿನ ಪಟ್ಟಿ ಉದ್ದಕ್ಕೂ ಎರಡೆರಡು ಇಂಚಿಗೆ ಒತ್ತಿ ನೋಡಿ, ಎರಡೂ ಮೂಲೆಯಲ್ಲಿ, ಅಂದ್ರೆ ನಿಂತಿರೋ ಕಾಲು ಮತ್ತೆ ಮಲಗಿರೋ ಪಟ್ಟಿ ಸೇರೋ ಕಡೆ, ಜಾಸ್ತಿ ಒತ್ತಿ ನೋಡಿ. ಕೊಳೆ ಅಲ್ಲಿಂದಲೇ ಶುರು ಆಗೋದು, ಯಾಕಂದ್ರೆ ಅಲ್ಲಿ ಮರದ ತುದಿ ನಾರು ತೆರ್ಕೊಂಡಿರುತ್ತೆ, ನೀರನ್ನ ಉದ್ದಕ್ಕೆ ಎಳ್ಕೊಳ್ಳುತ್ತೆ. ಗಟ್ಟಿ ಮತ್ತಿ ಮರದಲ್ಲಿ ತುದಿ ಇಳಿಯೋದೇ ಇಲ್ಲ. ಕಾಲು ಇಂಚು ಸಲೀಸಾಗಿ ಇಳೀತು ಅಂದ್ರೆ ಅಲ್ಲಿ ಮರ ಹೋಗಿದೆ. ಹಾಗೇ ಒಳಗಡೆ ಸರಳು ಕೆಳಪಟ್ಟಿಗೆ ಇಳಿದಿರೋ ತೂತುಗಳನ್ನೂ ನೋಡಿ. ಹಳೇ ಕಿಟಕಿಗಳಲ್ಲಿ ಇದನ್ನ ಯಾರೂ ಗಮನಿಸಲ್ಲ. ಬಾಗಿಲು ಸಂದಿಯಿಂದ ಬಂದ ನೀರು ಸರಳಿನ ಬುಡಕ್ಕೆ ಇಳಿಯುತ್ತೆ, ಕಬ್ಬಿಣ ತುಕ್ಕು ಹಿಡಿದ್ರೆ ಊದ್ಕೊಳ್ಳುತ್ತೆ, ಊದ್ಕೊಂಡಾಗ ಮರನ ಉದ್ದಕ್ಕೆ ಸೀಳುತ್ತೆ. ನೀವು ಉದ್ದುದ್ದ ಬಿರುಕು ಅಂದಿದ್ದು ಸರಳಿನ ನೇರಕ್ಕೇ ಇದ್ರೆ ಕಾರಣ ಬಿಸಿಲಲ್ಲ, ಇದೇ.

ಇನ್ನೊಂದು, ನೀರು ಸಿಲ್‌ನಿಂದಲೇ ಬರ್ತಿದೆ ಅಂತ ಖಾತ್ರಿ ಮಾಡ್ಕೊಳ್ಳಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಂತ್ಕೊಳ್ಳಲಿ, ಇನ್ನೊಬ್ಬರು ಹೊರಗಿಂದ ಪೈಪಲ್ಲಿ ನೀರು ಬಿಡಲಿ, ಜೋರಾಗಿ ಬೇಡ, ಕೆಳಗಿಂದ ಶುರು ಮಾಡಿ. ಮೊದಲು ಬರೀ ಸಿಮೆಂಟ್ ಕಟ್ಟೆ ಮೇಲೆ ಹತ್ತು ನಿಮಿಷ, ಆಮೇಲೆ ಪಕ್ಕದ ಸಂದಿ, ಆಮೇಲೆ ಬಾಗಿಲು, ಕೊನೆಗೆ ಸಜ್ಜಾ ಗೋಡೆ ಸೇರೋ ಜಾಗ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಕಡೆ ಇಳಿದು ಎಲ್ಲಿಂದ ಒಳಗೆ ಬಂತು ಅಂತ ಗೊತ್ತೇ ಆಗಲ್ಲ. ಸಜ್ಜಾ ಬುಡದಲ್ಲಿ ಬಿರುಕಿದ್ದು ಗೋಡೆ ಒಳಗೇ ನೀರು ಇಳೀತಾ ಇದ್ರೆ ಸಿಲ್‌ಗೆ ಬೆಳ್ಳಿ ತಗಡು ಹೊದಿಸಿದ್ರೂ ಅಮ್ಮನ ರೂಮಿನ ಗೋಡೆ ಒಣಗಲ್ಲ.

ಈ ಪರೀಕ್ಷೆ ಎಲ್ಲಾ ಈಗಲೇ ಮುಗಿಸಿ, ಆಮೇಲೆ ಮರ ಚೆನ್ನಾಗಿ ಒಣಗೋಕೆ ಬಿಡಿ. ನಮ್ಮೂರಿಗೆ ವರ್ಷಕ್ಕೆ ಬರೋದೇ ಸುಮಾರು 800 ಮಿಲಿಮೀಟರ್ ಮಳೆ, ಅದರಲ್ಲಿ ಮೇ ತಿಂಗಳದ್ದು ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ದೇ ದೊಡ್ಡ ಪಾಲು. ಫೆಬ್ರವರಿ ಮಾರ್ಚ್ ಈ ಕೆಲಸಕ್ಕೆ ಹೇಳಿ ಮಾಡ್ಸಿದ ಕಾಲ.

ಮಂಡ್ಯ_ತಗಡು:

ಅಣ್ಣ ನಾವು ಮಂಡ್ಯದಲ್ಲಿ ಫ್ಯಾಬ್ರಿಕೇಸನ್ ಮಾಡೋರು, ದಿನಾ ತಗಡು ಬಗ್ಗಿಸದೇ ಕೆಲ್ಸ, ಅದ್ಕೆ ಗೊತ್ತಿರದು ಹೇಳ್ತೀನಿ. ಮೇಲೆ ಸಾರು ಹೇಳಿರದು ನೂರಕ್ಕೆ ನೂರು ಸರಿ, ಮರ ನೋಡ್ಕಂಡೇ ಮುಂದಕ್ಕೆ ಹೋಗಿ.

ತಗಡಲ್ಲಿ ನಂಗೆ ಕೇಳಿದ್ರೆ ಅಲುಮಿನಿಯಂ. 22 ಗೇಜು ತಕ್ಕಳಿ, ಅಂದ್ರೆ 0.7 ಎಂಎಂ. 24 ಗೇಜು ಬಗ್ಗಿಸಕ್ಕೆ ಸಲೀಸು ಆದ್ರೆ ಪಡುವಣ ಬಿಸ್ಲಿಗೆ ಅಲೆ ಅಲೆ ಆಗ್ಬುಡ್ತದೆ, ನೋಡಕ್ಕೆ ಚೆನಾಗಿರಕಿಲ್ಲ. ಜಿಐ ಗಟ್ಟಿನೇ ಆದ್ರೆ ಕತ್ತರಿಸಿದ ಅಂಚಲ್ಲಿ ಸತು ಇರಕಿಲ್ಲ, ಅಲ್ಲಿಂದ ತುಕ್ಕು ಹಿಡ್ಕಂಡು ಬಿಳಿ ಗ್ವಾಡೆ ಮೇಲೆ ಕೆಂಪ್ ಗೆರೆ ಇಳಿಸ್ತದೆ. ಕಲರ್ ಕೋಟೆಡ್ ಹಾಕ್ಸದಾದ್ರೆ ಹಾಕ್ಸಿ, ಕಾಸು ಕಮ್ಮಿ, ಆದ್ರೆ ಕಾಣೋ ಅಂಚೆಲ್ಲಾ ಒಳಕ್ಕೆ ಮಡಿಸ್ಬೇಕು ಅಂತ ಮೊದ್ಲೇ ಹೇಳಿ. ಅಲುಮಿನಿಯಮ್ಮಿಗೂ ಮುಂದ್ಗಡೆ ಅಂಚು ಅರ್ಧ ಇಂಚು ಮಡಿಸ್ಲೇಬೇಕು, ಮಡಿಸಿದ್ರೆ ಗಟ್ಟಿ ಬತ್ತದೆ, ಕೈನೂ ಕುಯ್ಯಕಿಲ್ಲ, ಮಕ್ಳು ಕಿಟಕಿತಾವ ಆಡ್ತಾ ಇರ್ತವೆ ನೋಡಿ.

ಈಗ ನಿಮ್ ಕಿಟಕಿ ಲೆಕ್ಕ. ಒಂದೇ ಪೀಸಲ್ಲಿ ಮೇಲಿಂದ ಕೆಳಗಂಟ ಬಗ್ಗಿಸಕ್ಕೆ ಹೋಗ್ಬ್ಯಾಡಿ, ಅಷ್ಟು ಮಡಿಕೆ ಒಂದ್ರಲ್ಲೇ ಹೊಡುದ್ರೆ ಒಂದ್ ಎಂಎಂ ಹೆಚ್ಚುಕಮ್ಮಿ ಆದ್ರೂ ಕೂರಕಿಲ್ಲ. ಎರಡು ಪೀಸ್ ಮಾಡಿ. ಕೆಳಗಿನ ಪೀಸು ಸಿಮೆಂಟ್ ಕಟ್ಟೆ ಮೇಲೆ ಕೂರದು. ಹಿಂದ್ಗಡೆ ಒಂದೂವರೆ ಇಂಚು ಫ್ರೇಮಿಗೆ ಆನ್ಕಂಡು ಎದ್ದಿರ್ಬೇಕು, ನಾಕಿಂಚು ಕಟ್ಟೆ ಮೇಲೆ ಮುಂದಕ್ಕೆ ವಾಟ, ಗ್ವಾಡೆಯಿಂದ ಒಂದಿಂಚು ಆಚೆಗೆ ಚಾಚಿ ಆಮೇಲೆ ಒಂದಿಂಚು ಕೆಳಕ್ಕೆ ಇಳೀಬೇಕು, ಕಟ್ಟಕಡೇಲಿ ಮಡಿಸಿದ ಅಂಚು ಆಚೆ ಕಡೀಕೆ ಒಸಿ ತಿರುಗಿರ್ಬೇಕು. ಆ ಒಸಿ ತಿರುಗ್ಸದೇ ಮುಖ್ಯ, ಅದಿಲ್ದಿದ್ರೆ ನೀರು ತಗಡಿನ ಅಡೀಲೆ ಅಂಟ್ಕಂಡು ವಾಪಸ್ ಗ್ವಾಡೆಗೇ ಬತ್ತದೆ. ಮೇಲಿನ ಪೀಸು ಫ್ರೇಮಿನ ಮುಖ ಮುಚ್ಚದು, ಬಾಗ್ಲು ಕೂರೋ ಗಾಡಿ (ಬಾಗ್ಲು ಕೂರ್ಲಿ ಅಂತ ಫ್ರೇಮಲ್ಲಿ ಕೊರೆದಿರೋ ಕಚ್ಚು) ಒಳಗಂಟ ಹೋಗಿ ಅಲ್ಲಿ ಹಿಂದಕ್ಕೆ ಒಸಿ ಎದ್ದಿರ್ಬೇಕು, ಕೆಳಗಡೆ ಮೊದ್ಲನೇ ಪೀಸಿನ ಮೇಲೆ ಒಂದಿಂಚಾದ್ರೂ ಹತ್ಕಂಡಿರ್ಬೇಕು. ಮೇಲಿಂದು ಯಾವತ್ತೂ ಕೆಳಗಿನದ್ರ ಮೇಲೆ, ಹೆಂಚು ಜೋಡ್ಸಿದ್ ಹಂಗೆ.

ಶೀಟು ಎಂಟಡಿದು ತರಬ್ಯಾಡಿ. ಕಿಟಕಿ ಒಳಅಳತೆ ನಾಕಡಿ ಇದ್ರೆ ಎರಡೂ ಪಕ್ಕದಲ್ಲಿ ಮ್ಯಾಲಕ್ಕೆ ಎಬ್ಬಿಸಕ್ಕೆ ಒಂದೊಂದು ಇಂಚು ಬೇಕು, ನಾಕಡಿ ಎರಡಿಂಚು ಆಯ್ತು, ಎಂಟಡೀಲಿ ಎರಡು ಬರಕಿಲ್ಲ, ಒಂದ್ ಬಂದು ಮಿಕ್ಕಿದ್ದು ದಂಡ. ಹತ್ತಡಿ ಶೀಟಲ್ಲಿ ಎರಡು ಆರಾಮಾಗಿ ಬತ್ತವೆ. ಕೆಳಗಿನ ಪೀಸಿಗೆ ಎಂಟಿಂಚು ಅಗಲ, ಮೇಲಿಂದ್ಕೆ ನಾಕಿಂಚು ಅಂದ್ಕಂಡ್ರೆ ನಾಕು ಕಿಟಕಿಗೆ ಇಪ್ಪತ್ನಾಕು ಇಂಚು ಪಟ್ಟಿ, ಅಂದ್ರೆ ನಾಕಡಿ ಅಗಲದ ಶೀಟಲ್ಲಿ ಅರ್ಧ. ಮಿಕ್ಕಿದ್ದು ಇಟ್ಕಳಿ, ಬೇರೆ ಕಿಟಕಿಗಾಯ್ತದೆ.

ವರ್ಕ್‌ಶಾಪಿಗೆ ಬರೀ ಅಳತೆ ಬರ್ಕಂಡು ಹೋಗ್ಬ್ಯಾಡಿ. ದಪ್ಪ ರಟ್ಟು ತಕ್ಕಂಡು ನಿಮ್ ಕಿಟಕೀಲೇ ಬಗ್ಗಿಸಿ ಕೂರ್ಸಿ ನೋಡಿ, ಸರಿ ಆದ್ಮೇಲೆ ಆ ರಟ್ಟನ್ನೇ ತಕ್ಕಂಡ್ ಹೋಗಿ, ನಾಕು ಕಿಟಕಿಗೂ ಬೇರೆ ಬೇರೆ ರಟ್ಟು, ನಂಬರ್ ಹಾಕಿ. ಹಳೇ ಮನೇಲಿ ಒಂದ್ ಕಿಟಕಿ ಇದ್ದಂಗೆ ಇನ್ನೊಂದು ಇರಕಿಲ್ಲ. ನಿಮ್ಗೆ ಮಂಡ್ಯಕ್ಕೆ ಬರೋ ಅಗತ್ಯ ಇಲ್ಲ, ಮೈಸೂರಲ್ಲೇ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಬೆಂಡಿಂಗ್ ಮೆಷಿನ್ ಇರೋ ಶಾಪುಗಳವೆ. ಸುತ್ತಿಗೇಲಿ ಬಡ್ದು ಬಗ್ಗಿಸೋರತ್ರ ಮಾತ್ರ ಹೋಗ್ಬ್ಯಾಡಿ, ಪೇಂಟೆಲ್ಲ ಸೀಳ್ಕಂಡ್ಬುಡ್ತದೆ.

ಸರಸ್ವತಿಪುರಂ_ಮನೆ:

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೀರು ಬಿಟ್ಟು ನೋಡ್ದೆ. ಸಜ್ಜಾ ಕಡೆ ಏನೂ ಇಲ್ಲ, ಸಿಮೆಂಟ್ ಕಟ್ಟೆ ಮೇಲೆ ಬಿಟ್ಟಾಗಲೇ ಐದಾರು ನಿಮಿಷಕ್ಕೆ ಒಳಗೆ ಕೆಳಪಟ್ಟಿ ಅಡಿಯಿಂದ ಒದ್ದೆ ಕಾಣಿಸ್ತು, ಅಂದ್ರೆ ಫ್ರೇಮು ಕಟ್ಟೆ ಸೇರೋ ಸಂದಿನೇ ದಾರಿ. ಸ್ಕ್ರೂಡ್ರೈವರ್ ಪರೀಕ್ಷೆಯಲ್ಲಿ ಎರಡು ಕಿಟಕಿ ಕಲ್ಲಿನ ಹಾಗಿದೆ. ಅಮ್ಮನ ರೂಮಿಂದು ಎಡ ಮೂಲೆಯಲ್ಲಿ ಅರ್ಧ ಇಂಚು ಇಳೀತು, ಕಂದು ಪುಡಿ ಬಂತು. ಇನ್ನೊಂದರಲ್ಲಿ ಬಿರುಕು ಸರಳಿನ ನೇರಕ್ಕೇ ಇದೆ, ಸರ್ ಹೇಳಿದ ಹಾಗೇನೇ, ಮರ ಮಾತ್ರ ಗಟ್ಟಿ.

ಈಗ ಎರಡು ಅನುಮಾನ. ಬಾಗಿಲು ಕೂರೋ ಗಾಡಿ ಒಳಗೆ ತಗಡು ಹೋದ್ರೆ ಬಾಗಿಲು ಮುಚ್ಚುತ್ತಾ, ಈಗಲೇ ಬಿಗಿ ಇದೆ. ಮತ್ತೆ ಪಿವಿಸಿ ಬಗ್ಗೆ ಯಾರೂ ಹೇಳಲಿಲ್ಲ, ಅಂಗಡಿಯಲ್ಲಿ ಬಿಳಿ ಪಿವಿಸಿ ಪಟ್ಟಿ ಒಳ್ಳೇ ಬೆಲೆಗೆ ಸಿಗ್ತಿದೆ, ತುಕ್ಕು ಹಿಡಿಯೋ ಮಾತೇ ಇಲ್ಲ ಅಂತಾರೆ.

ವಿಜಯನಗರ_ಎರಡನೇಹಂತ:

ಪಿವಿಸಿ ಬಗ್ಗೆ ನಾನು ಹೇಳ್ತೀನಿ, ಯುಪಿವಿಸಿ ಕಿಟಕಿ ಕೆಲಸದಲ್ಲೇ ಇದೀನಿ. ಅಂಗಡಿಯಲ್ಲಿ ಸಿಗೋ ಬಿಳಿ ಪಟ್ಟಿ ಬಹುತೇಕ ಒಳಾಂಗಣದ್ದು, ಸೀಲಿಂಗು ಗೋಡೆಗೆ ಹಾಕೋದು. ಅದನ್ನ ಪಶ್ಚಿಮದ ಬಿಸಿಲಿಗೆ ಹಾಕಿದ್ರೆ ಹಳದಿ ತಿರುಗುತ್ತೆ, ಆಮೇಲೆ ಬೆರಳಲ್ಲಿ ಒತ್ತಿದ್ರೆ ಚಿಪ್ಪು ಚಿಪ್ಪಾಗಿ ಮುರಿಯುತ್ತೆ. ಹೊರಗಡೆಗೆ ಅಂತ ಮಾಡಿರೋ ಯುಪಿವಿಸಿಯಲ್ಲಿ ಬಿಸಿಲು ತಡೆಯೋಕೆ ಟೈಟಾನಿಯಂ ಡೈಆಕ್ಸೈಡ್ ಸೇರಿಸಿರ್ತಾರೆ, ಅದರ ಗುಣನೇ ಬೇರೆ, ಬೆಲೆನೂ ಬೇರೆ.

ಅಮೆರಿಕದ್ದು ಕೇಳಿದ್ರಲ್ಲ, ಅಲ್ಲಿ ಮನೆಗಳು ಮರದ ಚೌಕಟ್ಟಿನವು, ಗೋಡೆಗೂ ವಿನೈಲ್ ಹೊದಿಕೆ ಇರುತ್ತೆ, ಅದಕ್ಕೆ ಹೊಂದೋ ಹಾಗೆ ಕಿಟಕಿ ಅಂಚಿಗೂ ಹೊದಿಸ್ತಾರೆ. ಅಲ್ಲಿ ಬಗ್ಗಿಸೋದು ಹೆಚ್ಚಾಗಿ ಬಣ್ಣ ಹಚ್ಚಿದ ಅಲ್ಯೂಮಿನಿಯಂ ಸುರುಳಿನೇ, ಎರಡಡಿ ಅಗಲ ಐವತ್ತಡಿ ಉದ್ದದ ಸುರುಳಿ ತಂದು, ಮನೆ ಮುಂದೇನೇ ಬ್ರೇಕ್ ಅನ್ನೋ ಮೆಷಿನ್ ನಿಲ್ಲಿಸ್ಕೊಂಡು ಮಡಿಸ್ತಾರೆ. ತಗಡು ಅರ್ಧ ಎಂಎಂ ಆಸುಪಾಸು ಅಷ್ಟೇ, ಯಾಕಂದ್ರೆ ಅಡಿಯಲ್ಲಿ ಪೂರ್ತಿ ಮರದ ಆಸರೆ ಇರುತ್ತೆ. ವಿನೈಲನ್ನ ಸೈಟಲ್ಲಿ ಹಾಗೆ ಮಡಿಸೋಕಾಗಲ್ಲ, ಅದು ಫ್ಯಾಕ್ಟರಿಯಿಂದಲೇ ಆಕಾರಕ್ಕೆ ಬಂದಿರೋದು. ಹಾಗಾಗಿ ನಿಮ್ಮ ಕಿಟಕಿ ಅಳತೆಗೆ ರೆಡಿ ಪ್ರೊಫೈಲ್ ಸಿಕ್ಕಿದ್ರೆ ಮಾತ್ರ ವಿನೈಲ್, ಇಲ್ಲಾಂದ್ರೆ ಅಲ್ಲಿಗೆ ಮುಗೀತು.

ಇನ್ನು ಹಿಗ್ಗೋ ವಿಷಯ. ಅಲ್ಯೂಮಿನಿಯಂ ನಾಲ್ಕಡಿ ಪೀಸು 40 ಡಿಗ್ರಿ ಬಿಸಿ ಏರಿದ್ರೆ ಒಂದು ಎಂಎಂ ಹಿಗ್ಗುತ್ತೆ, ಪಿವಿಸಿ ಅದರ ಎರಡು ಮೂರು ಪಟ್ಟು. 40 ಡಿಗ್ರಿ ಏರೋದು ನಿಮ್ಮ ಪಶ್ಚಿಮದ ಗೋಡೆಗೆ ದೊಡ್ಡ ಮಾತೇ ಅಲ್ಲ, ಬೆಳಗಿನ ಜಾವ ತಣ್ಣಗಿರೋ ಪಟ್ಟಿ ಏಪ್ರಿಲ್ ಮಧ್ಯಾಹ್ನ ಮೂರಕ್ಕೆ ಕೈ ಇಡೋಕಾಗಲ್ಲ. ಎರಡೂ ತುದಿ ಬಿಗಿಯಾಗಿ ಸಿಕ್ಕಿಸಿಬಿಟ್ರೆ ಅದು ಮಧ್ಯದಲ್ಲಿ ಬಿಲ್ಲಿನ ಹಾಗೆ ಎದ್ದೇ ಏಳುತ್ತೆ. ಅದಕ್ಕೇ ಸ್ಕ್ರೂ ತೂತನ್ನ ಗುಂಡಗೆ ಮಾಡ್ದೆ ಉದ್ದಕ್ಕೆ ಮಾಡಿ, ಸ್ಕ್ರೂ ಪೂರ್ತಿ ಬಿಗಿಯದೆ ಕೂದಲೆಳೆ ಸಡಿಲ ಬಿಡೋದು. ಇದು ತಗಡಿಗೂ ಅನ್ವಯಿಸುತ್ತೆ. ಗಾಢ ಕಂದು ಬಣ್ಣ ಬೇಡ, ಬಿಳಿ ಅಥವಾ ಕೆನೆ ಬಣ್ಣ ತಗೊಳ್ಳಿ, ಬಿಸಿ ಕಮ್ಮಿ ಹೀರುತ್ತೆ.

ನಾನು ಯುಪಿವಿಸಿ ಮಾರೋನೇ ಆದ್ರೂ ನಿಮ್ಮ ಕೆಲಸಕ್ಕೆ ಅಲ್ಯೂಮಿನಿಯಮ್ಮೇ ಸರಿ ಅಂತ ಹೇಳ್ತೀನಿ.

ಕುವೆಂಪುನಗರ_ಸಿವಿಲ್:

ಬಾಗಿಲು ವಿಷಯ: ಗಾಡಿಯಲ್ಲಿ ತಗಡು, ಅದರಡಿ ಅಂಟಿಸೋ ಬ್ಯುಟೈಲ್ ಟೇಪು (ರಬ್ಬರಿನಂಥ ಮೆತ್ತನೆ ಅಂಟು ಟೇಪು) ಎರಡೂ ಸೇರಿ ಒಂದೂವರೆ ಎರಡು ಎಂಎಂ ತಿನ್ನುತ್ತೆ. ಹೇಗೂ ಬಾಗಿಲು ಬಿಗಿ ಇದೆ ಅಂತೀರ, ಬಡಗಿ ಕೈಲಿ ಬಾಗಿಲನ್ನ ಕೀಲಿಂದ ಬಿಡಿಸಿ ಕೆಳ ಅಂಚು ನಾಲ್ಕೈದು ಎಂಎಂ ಹತ್ತರಿ ಹೊಡೆಸಿ, ಹೊಡೆಸಿದ ಅಂಚಿಗೆ ತಕ್ಷಣ ಪ್ರೈಮರ್ ಹಚ್ಚಿ, ಹಸಿ ನಾರು ತೆರೆದಿಡಬೇಡಿ. ಬಾಗಿಲಿನ ಹೊರಮುಖಕ್ಕೆ ಕೆಳಗಡೆ ಒಂದು ಇಳಿಜಾರು ಮರದ ಪಟ್ಟಿನೂ ಹೊಡೆಸಿಬಿಡಿ, ಅದರಡಿ ಸಣ್ಣ ಗ್ರೂವ್ ಇರಲಿ. ಗಾಜಿನ ಮೇಲೆ ಇಳಿಯೋ ನೀರು ಸಂದಿಗೆ ಹೋಗದೆ ತಗಡಿನ ಮೇಲೆ ಬೀಳುತ್ತೆ. ಹಳೇ ಬಡಗಿಗಳು ಇದನ್ನ ಕೇಳದೆನೇ ಹಾಕ್ತಿದ್ರು, ಆಮೇಲಾಮೇಲೆ ಎಲ್ಲರೂ ಬಿಟ್ಟುಬಿಟ್ರು, ನಿಜವಾಗಲೂ ಬೇಜಾರಾಗುತ್ತೆ.

ಅಮ್ಮನ ರೂಮಿನ ಮೂಲೆ ಅರ್ಧ ಇಂಚು ಮೆತ್ತಗಿದೆ ಅಂದ್ರೆ ಅದನ್ನ ಪುಟ್ಟಿಯಲ್ಲಿ ಮುಚ್ಚಬೇಡಿ. ಗಟ್ಟಿ ಮರ ಸಿಗೋವರೆಗೆ ಉಳಿಯಲ್ಲಿ ಕೆತ್ತಿಸಿ, ಅದೇ ಜಾತಿಯ ಹಳೇ ಮರದ ತುಂಡನ್ನ ಓರೆಯಾಗಿ ಕತ್ತರಿಸಿ ಎಪಾಕ್ಸಿ ಹಚ್ಚಿ ಕೂರಿಸ್ಬೇಕು. ಸಣ್ಣ ಗುಂಡಿಗಳಿಗೆ ಎಂ-ಸೀಲ್ ಸಾಕು, ಮೂಲೆಗೆ ಸಾಕಾಗಲ್ಲ. ಗೆದ್ದಲು ಮದ್ದನ್ನ ಅದೇ ಹೊತ್ತಿಗೆ ಬ್ರಷ್ ಮಾಡ್ಸಿ. ಬಿರುಕು ಬಿಟ್ಟ ಇನ್ನೊಂದು ಕಿಟಕಿಯಲ್ಲಿ ಸರಳಿನ ಬುಡದ ತುಕ್ಕನ್ನ ಎಮರಿಯಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟು, ಸುತ್ತ ಪಿಯು (ಪಾಲಿಯುರೆಥೇನ್) ಸೀಲೆಂಟ್ ತುಂಬಿ.

ಕಟ್ಟೆಗೆ ಮೊದಲು ವಾಟ ಮಾಡ್ಸಿ, ತಗಡು ಹಾಕಿದ ಮೇಲೆ ವಾಟ ಬರಲ್ಲ. ಫ್ರೇಮ್ ಕಡೆ ಎತ್ತರ, ಮುಂದಕ್ಕೆ ಇಳಿಜಾರು, ನಾಲ್ಕು ಇಂಚಿಗೆ ಒಂದು ಸೆಂಟಿಮೀಟರ್ ಇರಲಿ. ಹೊಸ ಗಾರೆ ಪೂರ್ತಿ ಒಣಗೋವರೆಗೂ ಅಲ್ಯೂಮಿನಿಯಂ ಮುಟ್ಟಿಸಲೇಬೇಡಿ. ಹಸಿ ಸಿಮೆಂಟ್ ಕ್ಷಾರ, ಅಲ್ಯೂಮಿನಿಯಂ ಮೇಲಿರೋ ರಕ್ಷಣೆ ಪದರನ್ನೇ ತಿಂದುಹಾಕುತ್ತೆ, ಬಿಳಿ ಪುಡಿ ಎದ್ದು ತೂತು ಬೀಳುತ್ತೆ. ಒಣಗಿದ ಮೇಲೂ ಮಧ್ಯೆ ಬಿಟುಮಿನ್ ಪೇಂಟ್ ಎರಡು ಕೋಟ್ ಆದ್ರೂ ಇರಲಿ, ಇಲ್ಲಾ ಬ್ಯುಟೈಲ್ ಟೇಪ್.

ಒಂಟಿಕೊಪ್ಪಲು_ಅಜ್ಜಿಮನೆ:

ನಾನು ಬೇರೆ ಥರ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮನೆ ಕಿಟಕಿಗಳಿಗೆ ಕರೀ ಗ್ರಾನೈಟ್ ಸಿಲ್ ಹಾಕ್ಸಿದೀವಿ, 18 ಎಂಎಂ ದಪ್ಪ, ಗೋಡೆಯಿಂದ ಒಂದೂವರೆ ಇಂಚು ಆಚೆಗೆ, ಅಡಿಯಲ್ಲಿ ಉದ್ದಕ್ಕೂ ಕಟರ್‌ನಲ್ಲಿ ಗ್ರೂವ್ ಹೊಡೆಸಿದೀವಿ. ಒರೆಸಿದ್ರೆ ಆಯ್ತು, ಪಾರಿವಾಳ ಗಲೀಜು ಮಾಡಿದ್ರೂ ತೊಳೀಬಹುದು, ಪೇಂಟಿನ ಗೊಡವೆ ಇಲ್ಲ. ತಗಡಿನ ಮೇಲೆ ಮಳೆ ಬಿದ್ರೆ ಆ ಸದ್ದಿಗೆ ಅಮ್ಮನಿಗೆ ನಿದ್ದೆ ಬರುತ್ತಾ? ಅವರ ರೂಮೇ ಅಂತೀರಲ್ಲ. ಕಲ್ಲು ಹಾಕೋವಾಗ ಮಾತ್ರ ಆ ಗ್ರೂವ್ ಕೇಳಿ ಹಾಕ್ಸಿ, ಹೇಳದಿದ್ರೆ ಯಾರೂ ಹೊಡೆಯಲ್ಲ. ನಮ್ಮ ತಂಗಿ ಮನೆಯಲ್ಲಿ ಗ್ರೂವ್ ಇಲ್ಲದೆ ಕೂರಿಸಿಹೋದ್ರು, ಕಲ್ಲಿನ ಅಡಿ ನೀರು ಹರ್ಕೊಂಡು ಹೊರಗೋಡೆ ಪೂರ್ತಿ ಪಾಚಿ ಕಟ್ಟಿದೆ.

ಮಂಡ್ಯ_ತಗಡು:

ಅಮ್ಮಾ ಗ್ರಾನೈಟು ಒಳ್ಳೇದೇ, ನಾನು ಬ್ಯಾಡ ಅನ್ನಕಿಲ್ಲ. ಕಟ್ಟೆ ಮಟ್ಟ ಇವ್ರ ಫ್ರೇಮಿಗಿಂತ ಒಂದೂಕಾಲು ಇಂಚಾದ್ರೂ ಕೆಳಗಿದ್ರೆ ಕಲ್ಲು ಹಾಕ್ಬೋದು, ಗಾರೆ ಅರ್ಧ ಇಂಚು ಕಲ್ಲು ಮುಕ್ಕಾಲು ಇಂಚು ಸೇರಿ ಫ್ರೇಮಿನ ಅರ್ಧಕ್ಕೆ ಬಂದ್ಬುಟ್ರೆ ಮರ ಕಲ್ಲೊಳಗೆ ಹೂತೋಯ್ತದೆ, ಅವಾಗ ಮೊದ್ಲಿಗಿಂತ ಬೇಗ ಕೊಳೀತದೆ. ಅಣ್ಣ ಇದನ್ನ ಅಳತೆ ಮಾಡಿ ಹೇಳಿ.

ಸದ್ದಿನ ಇಸ್ಯ, ತಗಡು ಅಡೀಲಿ ಪೊಳ್ಳು ಇದ್ರೆ ತಮಟೆ ಬಡ್ದಂಗೆ ಸದ್ದು ಬತ್ತದೆ ನಿಜ. ಅಡೀಲಿ ಎರಡು ಸಾಲು ಬ್ಯುಟೈಲ್ ಟೇಪ್ ಅಂಟಿಸಿ ಒತ್ತಿ ಕೂರ್ಸಿದ್ರೆ ಸದ್ದು ಬಾಳ ಕಮ್ಮಿ ಆಯ್ತದೆ. ಆದ್ರೆ ಅಡೀಗೆ ಪೂರ್ತಿ ಅಂಟು ಬಳೀಬ್ಯಾಡಿ, ಸಾಲು ಸಾಲಾಗಿ ಅಡ್ಡಡ್ಡ ಅಂಟಿಸಿ, ಅಂದ್ರೆ ಫ್ರೇಮಿಂದ ಮುಂದಕ್ಕೆ, ಎಲ್ಲಾರ ಒಂದ್ ಹನಿ ಒಳಕ್ಕೋದ್ರೂ ಮುಂದ್ಕೆ ಹರ್ಕಂಡು ಹೋಗಕ್ಕೆ ದಾರಿ ಇರ್ಬೇಕು.

ಸರಸ್ವತಿಪುರಂ_ಮನೆ:

ಅಳತೆ ಮಾಡ್ದೆ, ಫ್ರೇಮಿನ ಕೆಳ ಅಂಚಿಗಿಂತ ಕಟ್ಟೆ ಕಾಲು ಇಂಚು ಮಾತ್ರ ಕೆಳಗಿದೆ, ಹಾಗಾಗಿ ಕಲ್ಲು ಕೂರಲ್ಲ, ಕಟ್ಟೆ ಒಡೆದ್ರೆ ಮಾತ್ರ. ಅಲ್ಯೂಮಿನಿಯಂ ಅಂತಲೇ ತೀರ್ಮಾನ ಮಾಡ್ಕೊಂಡೆ, ಕೆನೆ ಬಣ್ಣದ್ದು, 0.7. ಅಮ್ಮನ ರೂಮಿನ ಮೂಲೆಗೆ ಬಡಗಿ ಸಿಕ್ಕಿದಾರೆ, ಹಳೇ ಮನೆ ಕೆಡವಿದ ಮತ್ತಿ ಮರನೇ ಅವರತ್ರ ಇದೆಯಂತೆ. ಗಟ್ಟಿ ಇರೋ ಎರಡು ಕಿಟಕಿಗೂ ಹೊದಿಸ್ಲಾ, ಇಲ್ಲ ಬರೀ ಪೇಂಟ್ ಸಾಕಾ? ಮತ್ತೆ ಸ್ಕ್ರೂ ಎಲ್ಲಿ ಹೊಡೀಬೇಕು, ಸಿಲಿಕಾನ್ ಯಾವುದು?

ಕುವೆಂಪುನಗರ_ಸಿವಿಲ್:

ಗಟ್ಟಿ ಇರೋ ಎರಡರ ಫ್ರೇಮಿಗೆ ಹೊದಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಒಳ್ಳೇ ಮರ ಕಣ್ಣಿಗೆ ಕಾಣ್ತಾ ಇದ್ರೆ ಮುಂದೆ ಏನಾದ್ರೂ ಆದ್ರೂ ಬೇಗ ಗೊತ್ತಾಗುತ್ತೆ. ಹಳೇ ಪೇಂಟ್ ಕೆರೆದು, ಪ್ರೈಮರ್ ಕೊಟ್ಟು, ಎರಡು ಕೋಟ್ ಎನಾಮೆಲ್, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ. ಆದ್ರೆ ಕಟ್ಟೆಗೆ ವಾಟ ಮತ್ತೆ ಕೆಳಗಿನ ಪೀಸ್ ತಗಡು ನಾಲ್ಕಕ್ಕೂ ಹಾಕ್ಸಿ, ನೀರು ಒಳಗೆ ಬರ್ತಿರೋ ದಾರಿ ಅದೇ ಅಂತ ನೀವೇ ನೋಡಿದೀರಲ್ಲ.

ಸಿಲಿಕಾನ್ ಕೊಳ್ಳೋವಾಗ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದೇ ಕೇಳಿ. ವಿನೆಗರ್ ವಾಸನೆ ಬರುತ್ತಲ್ಲ ಅದು ಅಸಿಟಿಕ್, ಸಿಮೆಂಟಿಗೆ ಸರಿಯಾಗಿ ಹಿಡಿಯಲ್ಲ, ಲೋಹಕ್ಕೂ ಒಳ್ಳೇದಲ್ಲ. ಮೇಲೆ ಪೇಂಟ್ ಹೊಡಿಯೋ ಜಾಗ ಆದ್ರೆ ಪಿಯು ತಗೊಳ್ಳಿ, ಸಿಲಿಕಾನ್ ಮೇಲೆ ಪೇಂಟ್ ನಿಲ್ಲಲ್ಲ.

ಮಂಡ್ಯ_ತಗಡು:

ಸ್ಕ್ರೂನ ಕಟ್ಟೆ ಮೇಲಿನ ಮಟ್ಟದಲ್ಲಿ ಹೊಡೀಲೇಬ್ಯಾಡಿ ಅಣ್ಣ, ನೀರು ನಿಲ್ಲೋ ತಾವ ತೂತು ಮಾಡಿ ಆಮೇಲೆ ಮುಚ್ಚದ್ಯಾಕೆ. ಕೆಳಗಿನ ಪೀಸಿಗೆ ಹಿಂದ್ಗಡೆ ಎದ್ದಿರೋ ಅಂಚಲ್ಲಿ ಫ್ರೇಮಿಗೆ ಹೊಡೀರಿ. ಹೊದಿಸೋ ಎರಡು ಕಿಟಕೀಲಿ ಮೇಲಿನ ಪೀಸು ಅದನ್ನ ಮುಚ್ಕತದೆ, ಬರೀ ಪೇಂಟ್ ಹೊಡ್ಸೋ ಎರಡ್ರಲ್ಲಿ ಆ ಅಂಚಿನ ಮ್ಯಾಲೆ ಉದ್ದಕ್ಕೂ ಪಿಯು ಎಳ್ದು ಸ್ಕ್ರೂ ತಲೆಗೂ ಒಂದೊಂದ್ ಹನಿ ಹಾಕಿ. ಸ್ಕ್ರೂ ಸ್ಟೇನ್‌ಲೆಸ್ 304 ತಕ್ಕಳಿ, ಮಾಮೂಲಿ ಕಬ್ಬಿಣದ್ದು ಅಲುಮಿನಿಯಂ ಜೊತೆ ಒದ್ದೆ ಆದ್ರೆ ಬೇಗ ತಿನ್ಕಂಡೋಯ್ತದೆ.

ಎರಡೂ ಪಕ್ಕ ಎಬ್ಬಿಸಿದ ಕಿವಿ ಗ್ವಾಡೆ ಪ್ಲಾಸ್ಟರಿಗೆ ಒತ್ಕಂಡಿರಬಾರ್ದು, ಮೂರ್ ಎಂಎಂ ಸಂದಿ ಬುಟ್ಟು ಅಲ್ಲಿ ಪಿಯು ತುಂಬಿ. ಕಿವಿ ಮೂಲೆ ಕತ್ತರಿಸಿ ಮಡಿಸೋ ಜಾಗದಲ್ಲಿ ಸೂಜಿ ಮೊನೆಯಷ್ಟು ತೂತು ಉಳ್ಕತದೆ, ಮನೇಲಿ ನೀರ್ ಹುಯ್ದು ನೋಡಿದ್ರೆ ಅಲ್ಲಿಂದ್ಲೇ ತೊಟ್ಟಿಕ್ಕದು ಕಾಣ್ತದೆ, ಅದಕ್ಕೆ ಫಿಟ್ ಮಾಡಕ್ಕೆ ಮುಂಚೆನೇ ಒಳಗಿಂದ ಒಂದ್ ಹನಿ ಪಿಯು ಇಟ್ಬುಡಿ.

ಶೀಟ್ ಮೇಲಿರೋ ಪ್ಲಾಸ್ಟಿಕ್ ಕವರ್ ಬಗ್ಗಿಸೋವರ್ಗೂ ಇರ್ಲಿ, ಗೀರು ಬೀಳಕಿಲ್ಲ, ಫಿಟ್ ಮಾಡಿದ್ ದಿನಾನೇ ಕಿತ್ತಾಕಿ. ಬಿಸ್ಲಲ್ಲಿ ಬುಟ್ರೆ ಬೆಂದು ಅಂಟ್ಕತದೆ, ಆಮೇಲೆ ಉಗುರಲ್ಲಿ ಕೆರುದ್ರೂ ಬರಕಿಲ್ಲ. ಮತ್ತೆ ಮುಂದ್ಗಡೆ ಇಳಿದಿರೋ ಅಂಚಿಗೂ ಗ್ವಾಡೆಗೂ ಮಧ್ಯೆ ಸಂದಿ ಕಾಣ್ತದಲ್ಲ, ಪೇಂಟರು ನೀಟಾಗಿ ಕಾಣ್ಲಿ ಅಂತ ಅದಕ್ಕೂ ಸಿಲಿಕಾನ್ ಎಳೆಯಕ್ಕೆ ಬತ್ತಾರೆ, ಎಳೆಯಕ್ಕೆ ಬುಡಬ್ಯಾಡಿ, ಆ ಸಂದಿ ತೆರೆದೇ ಇರ್ಬೇಕು, ಒಳಗೋದ ನೀರು ಆಚೆಗೆ ಬರದು ಅಲ್ಲಿಂದ್ಲೇ. ರಟ್ಟು ಮಡಿಸಿದ್ ಮೇಲೆ ಫೋಟೋ ಹಾಕಿ, ಮಡಿಕೆ ದಿಕ್ಕು ಸರಿ ಅದಾ ನೋಡಿ ಹೇಳ್ತೀನಿ, ಮೆಷಿನ್ನಿಗೆ ಹೋದ್ಮೇಲೆ ಉಲ್ಟಾ ಬಗ್ಗುದ್ರೆ ಶೀಟ್ ದಂಡ.